ಇರುವೆ ಹತ್ತದ ಚಹಾ

ಒಂದೇ ಒಂದು ಇರುವೆ ಇರಲಿಲ್ಲ.

ದುಪ್ಪಟ್ಟಾವನ್ನು ಸೊಂಟಕ್ಕೆ ಬಿಗಿದುಕೊಂಡು, ಕುಕ್ಕರಗಾಲಿನಲ್ಲಿ ಕೂತು ಮಣ್ಣಿನ ಮೇಲಿನ ಆ ಕಲೆಯನ್ನೇ ನೋಡುತ್ತಿದ್ದೆ. ಅಂಗೈ ಅಗಲ, ದುಂಡಗೆ, ಇನ್ನೂ ಅರೆಬರೆ ಹಸಿ. ಮೂಗನ್ನು ಹತ್ತಿರ ಒಯ್ದರೆ ಶುಂಠಿಯ ವಾಸನೆ. ಹಾಲು ಹಾಕಿದ ಚಹಾ, ಅನುಮಾನವೇ ಬೇಡ.

ಎರಡು ಮಾರು ಆಚೆ ಯಾರೋ ಬೀಳಿಸಿದ ಬಿಸ್ಕತ್ತಿನ ಚೂರಿಗೆ ಇರುವೆಗಳು ಸಾಲುಗಟ್ಟಿ ಮುತ್ತಿಕೊಂಡಿದ್ದವು. ಚಹಾದ ಪಕ್ಕದಲ್ಲೇ ಹಾದುಹೋಗುತ್ತಿದ್ದವು, ಆದರೆ ಅದರ ಕಡೆ ತಿರುಗಿಯೂ ನೋಡುತ್ತಿರಲಿಲ್ಲ.

ಕಡಲಿನಿಂದ ಬೆಳಗಿನ ಮಂಜು ಇನ್ನೂ ಮೇಲೆದ್ದಿರಲಿಲ್ಲ. ನಾನು ಕೂತಿದ್ದ ಹೊಸ ಕರಾವಳಿ ಹೆದ್ದಾರಿ ಅಗಲವಾಗಿ, ಬೆಳ್ಳಗೆ, ಯಾವ ಗಾಡಿಯೂ ಇಲ್ಲದೆ ಮಲಗಿತ್ತು. ಅದರ ಆ ತುದಿ ಎಲ್ಲಿ ಮುಗಿದು ಸಮುದ್ರ ಎಲ್ಲಿ ಶುರುವಾಗುತ್ತದೆಂದು ಕಾಣುತ್ತಿರಲಿಲ್ಲ. ತಗಡಿನ ಬೇಲಿಯ ಆಚೆ ಹಳೆಯ ರಸ್ತೆಯಲ್ಲಿ ಮಾತ್ರ ಇಡೀ ಮುಂಬಯಿ ಹಾರ್ನ್ ಒತ್ತುತ್ತ ನಿಂತಿತ್ತು.

ಇಲ್ಲಿಯವರೆಗಿನ ಕತೆ ಇಷ್ಟೇ: ಈ ರಸ್ತೆಯ ಅಂಚಿನ 'ಕಡಲ ಪ್ರಸಾದ್' ಹೋಟೆಲಿನ ಅಣ್ಣು ಪೂಜಾರಿ ಮಾಯವಾಗಿ ಎರಡು ತಿಂಗಳು, ಬಂಡೆಯ ಮೇಲೆ ಸಿಕ್ಕಿದ್ದು ಅವರ ಚಪ್ಪಲಿ ಮತ್ತು ಫೋನು ಮಾತ್ರ, ಅವರನ್ನು ಹುಡುಕಿಕೊಡಿ ಎಂದು ಹೆಂಡತಿ ವಿನೋದಿನಿ ಗ್ರಾಂಟ್ ರೋಡಿನ ನನ್ನ ಪುಟ್ಟ ಪತ್ತೇದಾರಿ ಆಫೀಸಿನ ಮೆಟ್ಟಿಲು ಹತ್ತಿದ್ದಾರೆ.

ಹುಡುಕಲು ನನಗೆ ಉಳಿದಿದ್ದದ್ದು ಆ ಒಂದು ದಿನ. ಮರುದಿನ ಹನ್ನೊಂದು ಗಂಟೆಗೆ ಅಣ್ಣುವಿನ ಬೊಜ್ಜ. ನಮ್ಮ ತುಳುವರಲ್ಲಿ ಉತ್ತರಕ್ರಿಯೆಗೆ ಹಾಗೆನ್ನುತ್ತಾರೆ. ಹೆಣ ಸಿಗದಿದ್ದರೂ ಸಮುದ್ರ ತೆಗೆದುಕೊಂಡಿತೆಂದು ಬಗೆದು ಅವರ ತಮ್ಮ ಸುಕೇಶ್ ಎಲ್ಲ ಏರ್ಪಾಡು ಮಾಡಿದ್ದ. ಬೊಜ್ಜ ಮುಗಿದ ಮೇಲೆ ವಿನೋದಕ್ಕನ ಕೊರಳಿನ ಕರಿಮಣಿ ಇಳಿಯಬೇಕು. ಬದುಕಿರುವ ಗಂಡನಿಗೆ ಆಕೆ ಕರಿಮಣಿ ತೆಗೆಯುವಂತಾದರೆ ಅದರ ಪಾಪ ನನ್ನ ತಲೆಗೇ ಎಂದು ನನಗೆ ಆ ವಾರವಿಡೀ ನಿದ್ದೆ ಇರಲಿಲ್ಲ.

"ದಿನಾ ಹಿಂಗ ಹಸಿ ಇರ್ತದ್ರಿ ಅಕ್ಕಾರ," ಎಂದ ಯಲ್ಲಾಲಿಂಗ.

ಅವನು ಸೇಡಂ ಕಡೆಯವನು. ಒಂದು ಕೈಯಲ್ಲಿ ಕೆಂಪು, ಇನ್ನೊಂದು ಕೈಯಲ್ಲಿ ಹಸಿರು ಬಾವುಟ ಹಿಡಿದು ಟಿಪ್ಪರುಗಳನ್ನು ಒಳಗೆ ಬಿಡುವುದು, ನಿಲ್ಲಿಸುವುದು ಅವನ ಕೆಲಸ.

"ಎಷ್ಟು ದಿನದಿಂದ?"

"ಅಣ್ಣು ಸೇಟ್ರು ಕಾಣ್ದಂಗಾದ್ರಲ್ರಿ, ಅದಾದ ಒಂದೆರಡ ದಿನದಿಂದ. ಮೊದಲ ನಾಯಿ ಕೆಲಸ ಅನ್ಕೊಂಡಿದ್ದೆ. ಮೂಸಿ ನೋಡಿದ್ರ ಚಾ! ನಾನಂತೂ ಈಗ ಆ ಕಡಿ ಕಾಲ ಇಡಂಗಿಲ್ಲ."

"ಯಾರು ಚೆಲ್ತಾರೆ ಅಂತ ನೋಡಲಿಲ್ವಾ?"

"ನಾ ಡ್ಯೂಟಿಗೆ ಬರೋದ್ರಾಗ ಚೆಲ್ಲಿ ಹೋಗಿರ್ತಾರ. ದೆವ್ವಕ್ಕ ಡ್ಯೂಟಿ ಟೈಮ್ ಅದ ಏನ್ರಿ?"

"ಈ ಜಾಗದಲ್ಲಿ ಮುಂಚೆ ಏನಿತ್ತು?"

"ಪೈಪಿನ ಗುಂಡಿ. ಸೇಟ್ರು ಕಾಣ್ದಂಗಾದ ವಾರಾನೇ ತುಂಬಿ ಸಪಾಟ ಮಾಡಿದ್ವಿ. ನಾಳಿ ಮುಂಜಾನಿ ಇದರ ಮ್ಯಾಲ ಕಾಂಕ್ರೀಟ್ ಹಾಕ್ತಾರ." ಅವನು ಬಾವುಟವನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡ. "ಮೊದಲಿನ ಸೂಪರ್‌ವೈಸರ್ ಗುರಲಿಂಗಪ್ಪ ಸಾಹೇಬ್ರು ಇದ್ದಿದ್ರ ಪೂಜಿ ಗೀಜಿ ಮಾಡಸ್ತಿದ್ರು. ನಮ್ಮ ಕಡಿಯವ್ರು, ಭಾಳ ಛಲೋ ಮನಷ್ಯಾ. ದಿನಾ ಸೇಟ್ರ ಹೋಟ್ಲಾಗ ಕುಂತು ಚಾ ಕುಡದ ಮ್ಯಾಲೇ ಕೆಲಸ ಸುರು. ಅವರೂ ಅದ ವಾರ ಒಂದ್ ಮಾತ ಹೇಳ್ದಂಗ ಊರಿಗೆ ಹೋಗಿಬಿಟ್ರು. ಈಗ ಬಂದಾಂವ ಬರೇ ಬೈತಾನ."

ಸೈಟಿನ ಹರಟೆ ಕೇಳುವ ತಾಳ್ಮೆ ನನಗಿರಲಿಲ್ಲ. ಹೂಂಗುಟ್ಟಿ ಎದ್ದೆ.

ನಮ್ಮ ಹೋಟೆಲುಗಳಲ್ಲಿ ಒಂದು ಪದ್ಧತಿಯಿದೆ. ಬೆಳಿಗ್ಗೆ ಬಾಗಿಲು ತೆಗೆದ ಮೇಲೆ ಮಾಡಿದ ಮೊದಲ ಲೋಟ ಚಹಾವನ್ನು ಮಾರುವುದಿಲ್ಲ. ಅದು ರಸ್ತೆಗೆ. ಮಾಲೀಕ ಹೊಸಿಲ ಮೇಲೆ ನಿಂತು ಮನಸ್ಸಿನಲ್ಲೇ ದೈವದೇವರನ್ನು ನೆನೆದು ಬೀಸಿ ಚೆಲ್ಲುತ್ತಾನೆ, ಆಮೇಲೆ ವ್ಯಾಪಾರ. ಅಣ್ಣು ಮೂವತ್ತು ವರ್ಷ ಅದನ್ನು ತಪ್ಪಿಸಿದವರಲ್ಲ. ಹೆದ್ದಾರಿ ಅಗಲವಾಗಿ ಹೋಟೆಲಿನ ಮುಂಭಾಗ ಕತ್ತರಿಸಿಹೋದಾಗಲೂ, ಮುರಿದ ಹೊಸಿಲಿನ ಕಲ್ಲಿನ ಮೇಲೆ ನಿಂತೇ ಚೆಲ್ಲುತ್ತಿದ್ದರಂತೆ.

ಹಿಂದಿನ ಸಂಜೆ, ಯಲ್ಲಾಲಿಂಗನಿಂದ ಕೇಳಿದ ಚಹಾದ ಸುದ್ದಿಯನ್ನು ನಾನು ಹೇಳಿದಾಗ ವಿನೋದಕ್ಕ ಕಿಟಕಿಯ ಹೊರಗೆ ನೋಡಿದ್ದರು. ಅದನ್ನು ನಾನು ಆಸೆ ಎಂದುಕೊಂಡೆ. ನನಗೂ ಆಸೆ ಹುಟ್ಟಿತ್ತು. ಅಣ್ಣು ಎಲ್ಲೋ ತಲೆಮರೆಸಿಕೊಂಡಿದ್ದಾರೆ, ಮನಸ್ಸು ಕೇಳದೆ ಬೆಳಗಾದರೆ ಬಂದು ರಸ್ತೆಗೆ ಚಹಾ ಕೊಟ್ಟು ಹೋಗುತ್ತಾರೆ ಎಂದು.

ಈ ಇರುವೆಗಳು ಆ ಆಸೆಯನ್ನು ಹಾಳು ಮಾಡಿದವು. ರಸ್ತೆಗೆ ಕೊಡುವ ಚಹಾಕ್ಕೆ ಸಕ್ಕರೆ ಹಾಕದ ಹೋಟೆಲಿನವರನ್ನು ನಾನು ಈ ಜನ್ಮದಲ್ಲಿ ಕಂಡಿಲ್ಲ. ಅಲ್ಲದೆ ಬೀಸಿ ಚೆಲ್ಲಿದ ಚಹಾ ಉದ್ದಕ್ಕೆ ಹರಡುತ್ತದೆ. ಇದು ದುಂಡಗಿತ್ತು. ಬಗ್ಗಿ, ನಿಧಾನವಾಗಿ, ಮಲಗಿದವರ ಬಾಯಿಗೆ ಹೊಯ್ದ ಹಾಗೆ ಹೊಯ್ದದ್ದು.

ಸಕ್ಕರೆ ಇಲ್ಲದ ಚಹಾ ಕುಡಿಯುತ್ತಿದ್ದವರು ಅಣ್ಣು.

*

ಸುಕೇಶನ ಕಾರಿನ ಹಿಂದಿನ ಸೀಟಿನಲ್ಲಿ ಎರಡು ದೊಡ್ಡ ಪಾತ್ರೆ, ಒಂದು ಬೂದುಕುಂಬಳ, ಬಾಳೆಲೆಯ ಕಟ್ಟು. ಮುಚ್ಚಿದ ಹೋಟೆಲಿನಿಂದ ಪಾತ್ರೆ ಒಯ್ಯಲು ಬಂದಿದ್ದ. ಭಾಂಡುಪ್‌ನಲ್ಲಿರುವ ಅವನ ಮನೆಯಲ್ಲೇ ಬೊಜ್ಜದ ಅಡುಗೆ. ಸ್ಟೇಷನ್ ತನಕ ಬಿಡು ಎಂದು ನಾನೂ ಹತ್ತಿಕೊಂಡೆ.

ಹಳೆಯ ರಸ್ತೆಗೆ ಇಳಿದು ಹತ್ತು ಹೆಜ್ಜೆ ಹೋಗುವಷ್ಟರಲ್ಲಿ ಕಾರು ನಿಂತಿತು. ಮುಂದೆ ಬೆಸ್ಟ್ ಬಸ್ಸು, ಹಿಂದೆ ನೀರಿನ ಟ್ಯಾಂಕರು, ಪಕ್ಕದಲ್ಲಿ ರಿಕ್ಷಾಗಳ ಗೊಂಚಲು.

ಒಂದು ಮಾತು ಹೇಳಿಬಿಡುತ್ತೇನೆ. ನನಗೆ ಬುದ್ಧಿ ಓಡುವುದೇ ಟ್ರಾಫಿಕ್ ಜಾಮಿನಲ್ಲಿ. ಎಂಜಿನು ಗುಂಯ್‌ಗುಡುತ್ತಿರಬೇಕು, ಯಾವುದೂ ಅಲುಗಬಾರದು, ಕಣ್ಣು ಅರ್ಧ ಮುಚ್ಚಿರಬೇಕು. ಈ ಹೆದ್ದಾರಿ ಪೂರ್ತಿಯಾಗಿ ಜನ ಸರ್ರನೆ ಮನೆ ಸೇರತೊಡಗಿದರೆ ನನ್ನ ಕಸುಬಿಗೆ ಕಲ್ಲು ಬಿದ್ದ ಹಾಗೆಯೇ.

ಕಣ್ಣು ಎಳೆಯಿತು. ಬೇಲಿಯ ತಗಡು ಕರಗಿ ನೀರಾಗಿ, ನೀರಿನ ಆಚೆ ಅಣ್ಣು ಹೊಸಿಲ ಮೇಲೆ ನಿಂತಂತೆ ಕಂಡಿತು. ಬಿಳಿ ಪಂಚೆ, ಹೆಗಲ ಮೇಲೆ ಒರೆಸುವ ಬೈರಾಸು. ಅವರು ಲೋಟ ಎತ್ತಿದರು. ಆದರೆ ಚಹಾ ಚೆಲ್ಲಲಿಲ್ಲ. ಪಕ್ಕಕ್ಕೆ ತಿರುಗಿ ಯಾರಿಗೋ ಕೊಟ್ಟರು. ಯಾರಿಗೆ ಎಂದು ನೋಡುವಷ್ಟರಲ್ಲಿ ಟ್ಯಾಂಕರಿನವನು ಹಾರ್ನ್ ಹೊಡೆದ.

"ಸುಕೇಶ್," ಎಂದೆ, ಕಣ್ಣು ತೆರೆಯದೆ. "ದಿನಾ ಬೆಳಿಗ್ಗೆ ನಿನ್ನ ಅಣ್ಣನಿಗೆ ಚಹಾ ಹೊಯ್ಯುವುದು ನೀನಾ?"

ಸ್ಟಿಯರಿಂಗಿನ ಮೇಲೆ ತಾಳ ಹಾಕುತ್ತಿದ್ದ ಬೆರಳುಗಳು ನಿಂತವು.

"ಎಂತ ಹೇಳ್ತೀರಿ ಹರಿಣಿಯಕ್ಕ?"

"ಹೊಸ ರಸ್ತೆಯ ಮೇಲೆ, ಪೈಪಿನ ಗುಂಡಿ ತುಂಬಿದ ಜಾಗದಲ್ಲಿ. ಸಕ್ಕರೆ ಹಾಕದ ಚಹಾ. ಬೊಜ್ಜಕ್ಕೆ ಮುಂಚೆ ಸತ್ತವರಿಗೆ ಇಷ್ಟವಾದದ್ದನ್ನು ಇಡುತ್ತಾರೆ, ನನಗೂ ಗೊತ್ತು. ಆದರೆ ಸಮುದ್ರದಲ್ಲಿ ಹೋದವರಿಗೆ ಸಮುದ್ರದ ಹತ್ತಿರ ಇಡಬೇಕಲ್ಲ. ರಸ್ತೆಯ ಮೇಲೆ ಯಾಕೆ ಇಡ್ತೀ? ಅವರು ಎಲ್ಲಿದ್ದಾರೆ ಅಂತ ಗೊತ್ತಿದ್ದವನು ಮಾತ್ರ ಹಾಗೆ ಮಾಡ್ತಾನೆ."

ಅವನು ಬಾಗಿಲಿನ ಹಿಡಿಕೆಗೆ ಕೈ ಹಾಕಿದ. ಬಾಗಿಲು ಒಂದು ಗೇಣು ತೆರೆದು ರಿಕ್ಷಾಕ್ಕೆ ತಾಗಿತು. ರಿಕ್ಷಾದವನು ಮರಾಠಿಯಲ್ಲಿ ಅವನ ವಂಶವನ್ನೆಲ್ಲ ನೆನೆದ.

"ಓಡ್ಲಿಕ್ಕೆ ಜಾಗ ಇಲ್ಲ," ಎಂದೆ. "ಕೂತು ಹೇಳು."

ಅವನು ಬಾಗಿಲು ಎಳೆದುಕೊಂಡ. ಮುಖ ಒರೆಸಿಕೊಂಡ. ನಾನು ಸಿಟ್ಟನ್ನು ನಿರೀಕ್ಷಿಸಿದ್ದೆ, ಅವನ ಕಣ್ಣಿನಲ್ಲಿ ಕಂಡದ್ದು ಹೆದರಿಕೆ.

"ಆ ಚಾ ನಾನೂ ನೋಡಿದ್ದೇನೆ ಅಕ್ಕ. ದೇವರಾಣೆಗೂ ಹಾಕಿದ್ದು ನಾನಲ್ಲ. ಒಂದು ದಿನ ಬೆಳಿಗ್ಗೆ ಹೋಟೆಲಿನ ಬೀಗ ನೋಡ್ಲಿಕ್ಕೆ ಬಂದಿದ್ದೆ. ಬೇಲಿಯ ಸಂದಿನಿಂದ ಕಂಡಿತು. ಬಿಸಿ ಇತ್ತು, ಹೊಗೆ ಬರ್ತಾ ಇತ್ತು. ಸುತ್ತ ಒಂದು ನರಪಿಳ್ಳೆ ಇಲ್ಲ. ಅಣ್ಣನಿಗೆ ಬಾಯಾರಿಕೆ ಆಗ್ತಾ ಉಂಟು ಅಂತ ಅನಿಸಿತು. ಅದಕ್ಕೇ ಗಡಿಬಿಡಿಯಲ್ಲಿ ಬೊಜ್ಜಕ್ಕೆ ದಿನ ಇಟ್ಟದ್ದು. ನಾನು ಜಾಗದ ಆಸೆಗೆ ಅಣ್ಣನನ್ನು ಮುಗಿಸಿದೆ ಅಂತ ನೀವು ಲೆಕ್ಕ ಹಾಕಿದ್ದೀರಿ, ಅಲ್ವಾ?"

ಹಾಗೆಯೇ ಲೆಕ್ಕ ಹಾಕಿದ್ದೆ. ಸುಳ್ಳು ಹೇಳಿ ಏನು ಪ್ರಯೋಜನ?

"ರಸ್ತೆಗೆ ಜಾಗ ಬಿಡುವುದಿಲ್ಲ ಅಂತ ಹಟ ಹಿಡಿದದ್ದು ಅಣ್ಣ," ಎಂದ. "ಬಿಟ್ಟು ಊರಿಗೆ ಹೋಗುವ ಅಂದದ್ದು ನಾನು. ಜಗಳ ಆದದ್ದು ಹೌದು. ಆದ್ರೆ ನನ್ನನ್ನು ಹೆಗಲ ಮೇಲೆ ಕೂರಿಸಿ ಸಾಕಿದವನು ಅವನು."

ಗಂಡಸು, ನಲವತ್ತು ದಾಟಿದವನು, ಬೂದುಕುಂಬಳ ಇಟ್ಟ ಕಾರಿನಲ್ಲಿ ಕೂತು ಅಳತೊಡಗಿದ. ನನಗೆ ಸಂಕಟವಾಯಿತು. ಇಷ್ಟು ವಾರ ನಾನು ಅವನನ್ನು ಕಂಡಾಗಲೆಲ್ಲ ಹಲ್ಲು ಕಡಿದಿದ್ದೆ.

"ಅಣ್ಣುವಿನ ಚಹಾ ಮಾಡುತ್ತಿದ್ದವರು ಯಾರು?" ಮೆಲ್ಲಗೆ ಕೇಳಿದೆ.

"ಅತ್ತಿಗೆ. ಅಡುಗೆ ಭಟ್ಟರಿಗೂ ಮುಟ್ಲಿಕ್ಕೆ ಬಿಡ್ತಿರಲಿಲ್ಲ. ಸಣ್ಣ ತಪಲೆ ಒಂದು ಬೇರೆಯೇ ಇತ್ತು. ಸರಿಯಾಗಿ ಎರಡು ಲೋಟ ಆಗುವಂಥದ್ದು."

"ಎರಡು ಯಾಕೆ?"

ಬಸ್ಸು ಅಲುಗಿತು. ಹಿಂದಿನಿಂದ ಹಾರ್ನುಗಳ ಪ್ರವಾಹ. ಸುಕೇಶ್ ಕಣ್ಣು ಒರೆಸಿಕೊಂಡು ಗೇರು ಹಾಕಿದ. ನನ್ನ ಪ್ರಶ್ನೆ ಅಲ್ಲೇ ಬಿತ್ತು, ಮತ್ತೆ ಎತ್ತಿಕೊಳ್ಳಬೇಕೆಂದು ನನಗೂ ಹೊಳೆಯಲಿಲ್ಲ. ತಲೆಯಲ್ಲಿ ಬೇರೆಯದೇ ತಿರುಗುತ್ತಿತ್ತು. ಅತ್ತಿಗೆ, ಎಂದಿದ್ದ.

*

ಮರುದಿನ ಬೊಜ್ಜದ ಬೆಳಗು. ಬೆಳಕು ಹರಿಯುವ ಹೊತ್ತಿಗೆ ನಾನು ತಗಡಿನ ಬೇಲಿಯ ಒಳಗಿದ್ದೆ. ಯಲ್ಲಾಲಿಂಗನನ್ನು ಬೇಗ ಬರಲು ಒಪ್ಪಿಸಿದ್ದೆ. ಅವನು ದೆವ್ವಕ್ಕೆ ಹೆದರಿ ಕೈಯಲ್ಲಿ ವಿಭೂತಿ ಹಿಡಿದು ಬಂದಿದ್ದ.

ಮಂಜಿನಲ್ಲಿ ರಸ್ತೆಯೇ ತೇಲುತ್ತಿರುವಂತಿತ್ತು. ದೂರದಲ್ಲಿ ಕಾಂಕ್ರೀಟ್ ಹಾಸುವ ಯಂತ್ರ ಬಂದು ನಿಂತಿತ್ತು, ಅದರ ಹಳದಿ ದೀಪ ಸದ್ದಿಲ್ಲದೆ ತಿರುಗುತ್ತಿತ್ತು. ಅಲೆಗಳ ಸದ್ದು ಕೇಳುತ್ತಿತ್ತು, ಸಮುದ್ರ ಕಾಣುತ್ತಿರಲಿಲ್ಲ.

ಹೋಟೆಲಿನ ಹಿಂಬಾಗಿಲ ಕಡೆಯಿಂದ ಒಬ್ಬರು ಬಂದರು.

ತಲೆಯ ಮೇಲೆ ಸೆರಗು. ಕೈಯಲ್ಲಿ ಸ್ಟೀಲಿನ ಲೋಟ, ಚಹಾ ಆರದಂತೆ ಅದರ ಮೇಲೊಂದು ಬಟ್ಟಲು. ಆ ಜಾಗಕ್ಕೆ ಬಂದು ನಿಂತರು, ಬಗ್ಗಿದರು, ನಿಧಾನವಾಗಿ ಹೊಯ್ದರು. ಮಂಜಿನೊಳಕ್ಕೆ ಚಹಾದ ಹಬೆ ಬೆರೆತುಹೋಯಿತು.

ನಾನು ಹತ್ತಿರ ಹೋಗುವವರೆಗೂ ವಿನೋದಕ್ಕ ತಲೆ ಎತ್ತಲಿಲ್ಲ. ಎತ್ತಿದಾಗ ಅವರ ಮುಖದಲ್ಲಿ ಬೆಚ್ಚಿದ ಗುರುತೇ ಇರಲಿಲ್ಲ.

"ಬಂದಿರಾ?" ಎಂದರು. "ತುಂಬ ತಡ ಮಾಡಿದಿರಿ ಹರಿಣಿ."

ನನಗೆ ಮೈಯೆಲ್ಲ ಉರಿಯಿತು. "ವಿನೋದಕ್ಕ, ಇದೆಂಥ ಆಟ? ಹುಡುಕು ಅಂತ ನನ್ನನ್ನು ಬಂಡೆ ಬಂಡೆ ಅಲೆಸಿದಿರಿ. ಸುಕೇಶನನ್ನು ನಾನು ಕೊಲೆಗಾರ ಅಂತ ಅನುಮಾನಿಸಿ ಅಳಿಸಿ ಬಂದೆ. ಎಲ್ಲಿದ್ದಾರೆ ಅಂತ ನಿಮಗೆ ಮೊದಲಿನಿಂದ ಗೊತ್ತಿತ್ತು!"

"ನನಗೆ ಹೇಳ್ಲಿಕ್ಕೆ ಇಲ್ಲ. ದೈವದ ಗಂಧ ಮುಟ್ಟಿಸಿ ಆಣೆ ಹಾಕಿಸಿದ್ದಾರೆ. ಬಾಯಿ ಬಿಟ್ಟರೆ ನನ್ನ ಮಕ್ಕಳು ಮೊಮ್ಮಕ್ಕಳಿಗೆ ತಾಗ್ತದೆ." ಅವರು ಖಾಲಿ ಲೋಟವನ್ನು ಸೆರಗಿನಿಂದ ಒರೆಸಿದರು. "ನಾನು ಹೇಳಬಾರದು ಅಂತ ಆಣೆ. ಬೇರೆಯವರು ಕಂಡುಹಿಡಿಯಬಾರದು ಅಂತ ಆಣೆ ಇಲ್ಲವಲ್ಲ. ಅದಕ್ಕೇ ನಿಮ್ಮ ಹತ್ರ ಬಂದೆ."

ದಿನದಿನವೂ ಆ ಹೆಂಗಸು ಈ ಮಣ್ಣಿನ ಮೇಲೆ ಚಹಾ ಹೊಯ್ದು, ಬಂದು ನೋಡಿ ಎಂದು ಕೂಗಿ ಹೇಳುತ್ತಿದ್ದಳು. ನಾನು ಇರುವೆ ನೋಡುತ್ತ ಕೂತಿದ್ದೆ.

"ಆಣೆ ಹಾಕಿಸಿದ್ದು ಸುಕೇಶನಾ?"

ವಿನೋದಕ್ಕನ ತಲೆ ಅಡ್ಡಕ್ಕೆ ಆಡಿತು. ಅವರ ಬೆರಳುಗಳು ಮೆಲ್ಲನೆ ಮೇಲೆ ಹೋಗಿ ಕರಿಮಣಿಯನ್ನು ಹಿಡಿದುಕೊಂಡವು.

ಅಣ್ಣು. ಆಣೆ ಹಾಕಿಸಿದವರು ಅಣ್ಣು.

"ಯಾವಾಗ?"

"ಬಂಡೆಯ ಮೇಲೆ ಚಪ್ಪಲಿ ಸಿಕ್ಕಿತಲ್ಲ," ಎಂದರು ಅವರು. "ಅದರ ಮರುದಿನ."

ಅಲೆಯೊಂದು ಬಂದು ಹೋಯಿತು. ಚಪ್ಪಲಿ ಸಿಕ್ಕಿದ ಮರುದಿನ. ಸಮುದ್ರ ನುಂಗಿತೆಂದು ಊರೆಲ್ಲ ನಂಬಿದ ಮೇಲೆ, ಆ ಮನುಷ್ಯ ಹೆಂಡತಿಯ ಎದುರು ಕೂತು ಗಂಧ ಮುಟ್ಟಿಸಿದ್ದರು. ಅಣ್ಣು ಬದುಕಿದ್ದರು. ನನ್ನ ಎದೆ ಒಂದು ಕ್ಷಣ ಹಗುರವಾಯಿತು. ಈ ಕರಿಮಣಿ ಇಳಿಯಬೇಕಾಗಿಲ್ಲ ಎಂದು ಖುಷಿಯೇ ಆಯಿತು.

ಆಮೇಲೆ ನಾನು ಕಾಲ ಕೆಳಗೆ ನೋಡಿದೆ. ಚಹಾ ಇನ್ನೂ ಇಂಗುತ್ತಿತ್ತು.

"ಹಾಗಾದರೆ ಇಲ್ಲಿ," ನನ್ನ ದನಿ ನನಗೇ ದೂರದಿಂದ ಕೇಳಿಸಿತು, "ಇಲ್ಲಿ ಮಲಗಿರುವವರು ಯಾರು?"

ವಿನೋದಕ್ಕ ಆಣೆಗೆ ಕಟ್ಟುಬಿದ್ದಿದ್ದರು. ಮಾತು ಬಂದದ್ದು ನನ್ನ ಬೆನ್ನ ಹಿಂದಿನಿಂದ.

"ಅಕ್ಕಾರ," ಎಂದ ಯಲ್ಲಾಲಿಂಗ. ಕೈಯಲ್ಲಿದ್ದ ವಿಭೂತಿಯನ್ನು ಹಣೆಗೆ ಬಳಿದುಕೊಂಡ. "ಸಕ್ಕರಿ ಇಲ್ಲದ ಚಾ ನಮ್ಮ ಗುರಲಿಂಗಪ್ಪ ಸಾಹೇಬ್ರೂ ಕುಡೀತಿದ್ರು. ಸೇಟ್ರಿಗೂ ಅವರಿಗೂ ಸಕ್ಕರಿ ಕಾಯಿಲೆ. ಈ ಅಮ್ಮಾರೇ ಇಬ್ಬರಿಗೂ ಕೂಡೇ ಮಾಡಿ ಕೊಡ್ತಿದ್ರು."

ಸಣ್ಣ ತಪಲೆ. ಸರಿಯಾಗಿ ಎರಡು ಲೋಟ. ಮತ್ತೆ ಆ ಜಾಮಿನ ನಡುವೆ, ಅರೆನಿದ್ದೆಯಲ್ಲಿ, ಅಣ್ಣು ಪಕ್ಕಕ್ಕೆ ತಿರುಗಿ ಲೋಟ ಕೊಟ್ಟದ್ದು.

ಹೋಟೆಲಿನ ಮುರಿದ ಗೋಡೆಯ ಮೇಲೆ ಗುರಲಿಂಗಪ್ಪನ ಜನ ಎಳೆದ ಕೆಂಪು ಬಣ್ಣದ ಗೆರೆ ಮಂಜಿನಲ್ಲೂ ಕಾಣುತ್ತಿತ್ತು. ರಸ್ತೆ ಎಲ್ಲಿಯವರೆಗೆ ಬರುತ್ತದೆ, ಹೋಟೆಲು ಎಲ್ಲಿಗೆ ಮುಗಿಯುತ್ತದೆ ಎಂದು ತೋರಿಸುವ ಗೆರೆ. ಆ ಗೆರೆ ಎಳೆದವನೂ ಆ ಗೋಡೆ ಕಟ್ಟಿದವನೂ ದಿನಾ ಒಂದೇ ಮೇಜಿನಲ್ಲಿ ಕೂತು ಒಂದೇ ತಪಲೆಯ ಚಹಾ ಕುಡಿದಿದ್ದರು. ಕೊನೆಯ ದಿನ ಆ ಮೇಜಿನಲ್ಲಿ ಏನು ನಡೆಯಿತೆಂದು ನನಗೆ ತಿಳಿಯದು. ಬಂಡೆಯ ಮೇಲೆ ಚಪ್ಪಲಿ ಬಿಟ್ಟು ಅಣ್ಣು ಯಾಕೆ ಅಡಗಿದರೆಂದು ಮಾತ್ರ ತಿಳಿಯಿತು.

"ಊರಿಗೆ ಹೋದ್ರು ಅಂದ್ರು," ಯಲ್ಲಾಲಿಂಗ ತನಗೆ ತಾನೇ ಹೇಳಿಕೊಳ್ಳುತ್ತಿದ್ದ. "ಊರಾಗ ಅವರ ಮನಿಯವ್ರು ಮುಂಬಯ್ಯಾಗೇ ಅದಾರ ಅನ್ಕೊಂಡಾರ. ನಮ್ಮಾಗ ಪೂಜಿ ಮಾಡಿ ಮಣ್ಣು ಕೊಡ್ತಾರ್ರಿ ಅಕ್ಕಾರ. ಹಿಂಗ ಮುಚ್ಚಂಗಿಲ್ಲ."

ಅಷ್ಟರಲ್ಲಿ ದೂರದ ಯಂತ್ರ ಗುಡುಗಿತು. ಹಳದಿ ದೀಪ ನಮ್ಮ ಕಡೆ ಸರಿಯತೊಡಗಿತು. ಅದರ ಮೇಲೆ ನಿಂತಿದ್ದ ಹೊಸ ಸೂಪರ್‌ವೈಸರು ಹಿಂದಿಯಲ್ಲಿ ಕೂಗಿದ, "ಏ ಯಲ್ಲಾ! ಹಸಿರು ತೋರ್ಸು!"

ಯಲ್ಲಾಲಿಂಗ ನನ್ನ ಮುಖ ನೋಡಲಿಲ್ಲ, ಯಾರನ್ನೂ ಕೇಳಲಿಲ್ಲ. ಹಸಿರು ಬಾವುಟವನ್ನು ನೆಲಕ್ಕೆ ಹಾಕಿದ. ನಡುರಸ್ತೆಗೆ ಹೋಗಿ, ಆ ಚಹಾದ ಕಲೆಗೆ ಬೆನ್ನು ಕೊಟ್ಟು, ಕೆಂಪನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದು ನಿಂತ.

ಯಂತ್ರ ನಿಂತಿತು. ಬೈಗುಳ ಶುರುವಾಯಿತು. ನಾನು ಪೊಲೀಸರಿಗೆ ಫೋನ್ ಮಾಡಲು ಪರ್ಸಿನೊಳಗೆ ಕೈ ಹಾಕಿದೆ.

"ಹರಿಣಿ." ವಿನೋದಕ್ಕನ ತಣ್ಣನೆಯ ಕೈ ನನ್ನ ಮಣಿಕಟ್ಟಿನ ಮೇಲೆ ಬಿತ್ತು. ತಡೆಯಲು ಅಲ್ಲ, ಆಸರೆಗೆ ಹಿಡಿದಂತಿತ್ತು. ಮೊದಲ ಬಾರಿಗೆ ಅವರ ಕಣ್ಣು ತುಂಬಿಕೊಂಡಿತ್ತು.

"ಹನ್ನೊಂದು ಗಂಟೆಗೆ ಎಲ್ಲ ಬರ್ತಾರೆ. ಕೊರಳಿಗೆ ಕೈ ಹಾಕ್ತಾರೆ. ಇದನ್ನು ತೆಗೆದರೆ ಅವರು ಸತ್ತ ಹಾಗೆ, ಯಾರೂ ಇನ್ನು ಹುಡುಕುವುದಿಲ್ಲ, ಎಲ್ಲೋ ಇದ್ದುಕೊಳ್ತಾರೆ. ತೆಗೆಯುವುದಿಲ್ಲ ಅಂದರೆ..." ಅವರು ಇಂಗಿಹೋದ ಚಹಾವನ್ನು ನೋಡಿದರು. "ಅದು ಬಾಯಿ ಬಿಟ್ಟ ಹಾಗೆಯೇ ಅಲ್ವಾ?"

ಬೆರಳು ಕರಿಮಣಿಯನ್ನು ಬಿಡಲಿಲ್ಲ.

"ತೆಗೀಲಾ, ಬೇಡವಾ? ನೀವೇ ಹೇಳಿ."